ಹಳೆಯ ಕಾರಿನ ಹೊಗೆಯೂ ನಡುಕವೂ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠ. ಮೋಟಾರು ಕಾರಿನ ವಿಷಯದಲ್ಲಿ ಈ ಪಾಠವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಓಡುವ ಎಂಜಿನಿನೊಳಗೆ ಬೆಂಕಿ ಇದ್ದೇ ಇರುತ್ತದೆ; ಅದು ಇರುವುದು ದೋಷವಲ್ಲ. ಹಿಂದಿನ ಕೊಳವೆಯಲ್ಲಿ ಹೊಗೆ ಕಾಣಿಸಿಕೊಂಡಿತೆಂದರೆ, ಆ ಬೆಂಕಿಗೆ ಬೀಳಬಾರದ ಪದಾರ್ಥವಾವುದೋ ಬಿದ್ದಿದೆ, ಇಲ್ಲವೆ ಬೀಳಬೇಕಾದುದು ಅಳತೆ ಮೀರಿ ಬಿದ್ದಿದೆ ಎಂದು ಅರ್ಥ. ಆ ಪದಾರ್ಥ ಯಾವುದು, ಯಾವ ದಾರಿಯಿಂದ ಬಂದಿತು ಎಂಬುದನ್ನು ಎಂಜಿನನ್ನು ಬಿಚ್ಚುವುದಕ್ಕೆ ಮೊದಲೇ ನಿರ್ಣಯಿಸುವ ಬಗೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ವಿಷಯವು ಬರಿಯ ಶಾಸ್ತ್ರವಾಗದಿರಲೆಂದು ಒಂದು ನಿದರ್ಶನವನ್ನು ಇಟ್ಟುಕೊಳ್ಳೋಣ. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ತಂದೆಯವರ ಕಾಲದ ಅಂಬಾಸಡರ್ ಕಾರೊಂದಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಿಂದ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, ೨೦೧೪ರವರೆಗೂ ಕಾರ್ಖಾನೆಯಿಂದ ಹೊರಬರುತ್ತಿದ್ದ ಈ ಗಾಡಿಯನ್ನು ಕಾಣದವರು ನಮ್ಮಲ್ಲಿ ವಿರಳ. ಸ್ನೇಹಿತರ ಕಾರಿನಲ್ಲಿರುವುದು ಹಳೆಯ ಪೆಟ್ರೋಲು ಎಂಜಿನು: ಸಿಲಿಂಡರು ನಾಲ್ಕು, ಗಾತ್ರ ೧,೪೮೯ ಘನ ಸೆಂಟಿಮೀಟರು. ಆದರೆ ಅದು ಕಾರ್ಖಾನೆಯಿಂದ ಬಂದಂತೆ ಉಳಿದಿಲ್ಲ. ಎರಡು ಸಲ ಬೋರು ಮಾಡಿಸಿ ಸಿಲಿಂಡರುಗಳನ್ನು ಅಗಲಿಸಲಾಗಿದೆ. ಮೇಲಿನ ಹೆಡ್ಡನ್ನು ಉಜ್ಜಿ ತೆಳುಮಾಡಲಾಗಿದೆ. ಒಂದು ಕಾರ್ಬುರೇಟರು ಇದ್ದೆಡೆಯಲ್ಲಿ ಎರಡು ಬಂದಿವೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳಿಗೆ ಬದಲಾಗಿ ಎಲೆಕ್ಟ್ರಾನಿಕ್ ಸಾಧನವು ಕುಳಿತಿದೆ. ಇವೆಲ್ಲವೂ ಹುಚ್ಚಾಟವೆಂದು ಹೇಳುವಂತಿಲ್ಲ. ೧೯೫೫ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಎಂ.ಜಿ.ಎ. ಎಂಬ ವೇಗದ ಕಾರಿನಲ್ಲಿ ಇದೇ ಕುಲದ, ಇದೇ ಗಾತ್ರದ ಎಂಜಿನು ಎರಡು ಕಾರ್ಬುರೇಟರುಗಳೊಡನೆಯೇ ಓಡುತ್ತಿತ್ತು.

ಈ ಕಾರು ಕೆಲವು ತಿಂಗಳಿಂದ ಹೊಗೆ ಉಗುಳತೊಡಗಿತು. ನಿಂತಲ್ಲಿ ಗಡಗಡನೆ ನಡುಗತೊಡಗಿತು. ಒಂದು ಕಾರ್ಖಾನೆಯ ಮೇಸ್ತ್ರಿಯು ಐದು ನಿಮಿಷ ನೋಡಿ, “ಬೋರು ಹೋಗಿದೆ ಸ್ವಾಮಿ, ಎಂಜಿನು ಇಳಿಸಲೇಬೇಕು” ಎಂದುಬಿಟ್ಟನು. ಎರಡು ಸಲ ಅಗಲಿಸಿದ ಸಿಲಿಂಡರನ್ನು ಮೂರನೆಯ ಸಲ ಅಗಲಿಸುವುದು ಕ್ಷೇಮವಲ್ಲ. ಒಳಗೆ ಹೊಸ ಸ್ಲೀವುಗಳನ್ನು ಹೊಡೆಸಬೇಕು. ವೆಚ್ಚವು ಕಾರಿನ ಬೆಲೆಯನ್ನು ಮುಟ್ಟುವಂತಿತ್ತು. ಮನೆಯವರು ಗುಜರಿಗೆ ಕೊಡುವುದೇ ಲೇಸೆಂದರು. ಸ್ನೇಹಿತರಿಗೆ ಅದು ತಂದೆಯವರು ಕೈಯಾರೆ ಒರಸಿ ಇಟ್ಟ ಗಾಡಿ. ಮೇಸ್ತ್ರಿಯ ಮಾತು ನಿಜವೋ ಅಲ್ಲವೋ ಎಂಬುದರ ಮೇಲೆ ಅದರ ಉಳಿವು ನಿಂತಿತ್ತು.

ಮೊದಲು ಎಂಜಿನಿನ ಕೆಲಸವನ್ನು ಸಂಕ್ಷೇಪವಾಗಿ ನೆನೆದುಕೊಳ್ಳೋಣ. ಪ್ರತಿ ಸಿಲಿಂಡರಿನಲ್ಲಿಯೂ ಪಿಸ್ಟನ್ನು ಕೆಳಗಿಳಿಯುವಾಗ ಗಾಳಿಯನ್ನೂ ಪೆಟ್ರೋಲಿನ ಹನಿಗಳನ್ನೂ ಒಳಕ್ಕೆ ಹೀರುತ್ತದೆ. ಮೇಲೇರುವಾಗ ಆ ಮಿಶ್ರಣವನ್ನು ಒತ್ತುತ್ತದೆ. ಆಗ ಪ್ಲಗ್ಗಿನ ಕಿಡಿ ತಾಗಿ ಮಿಶ್ರಣವು ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮತ್ತೆ ಮೇಲೇರುವಾಗ ಉರಿದುಳಿದ ಅನಿಲವು ಹೊರಕ್ಕೆ ಹೋಗುತ್ತದೆ. ಹೀಗೆ ಎಂಜಿನು ಸಮವಾಗಿ ಓಡಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಹದವಾದ ಮಿಶ್ರಣ, ಸಾಕಷ್ಟು ಒತ್ತಡ, ಸಕಾಲದ ಕಿಡಿ. ಇವುಗಳಲ್ಲಿ ಒಂದು ತಪ್ಪಿದರೂ ನಡುಕ ಹುಟ್ಟುತ್ತದೆ. ಹಾಗೆಯೇ ಎಂಜಿನಿನೊಳಗೆ ಹರಿದಾಡುವ ದ್ರವಗಳೂ ಮೂರು: ಪೆಟ್ರೋಲು, ಎಣ್ಣೆ, ನೀರು. ಇವು ಬೆಂಕಿಯ ಮನೆಗೆ ಅನುಚಿತವಾಗಿ ನುಗ್ಗಿದರೆ ಹೊರಡುವ ಹೊಗೆಯ ಬಣ್ಣವೂ ಮೂರು ವಿಧ. ಪೆಟ್ರೋಲು ಹೆಚ್ಚಾದರೆ ಕಪ್ಪು, ಎಣ್ಣೆ ಸೇರಿದರೆ ನೀಲಿ, ನೀರು ಸೇರಿದರೆ ಬಿಳಿ.

ಕಪ್ಪು ಹೊಗೆಯು ಮೂರರಲ್ಲಿ ಸಾಧುವಾದುದು. ಚೋಕು ಪೂರ್ತಿ ತೆರೆಯದೆ ಸಿಕ್ಕಿಕೊಂಡಿರಬಹುದು. ಗಾಳಿಯ ಸೋಸುಕವು ಧೂಳಿನಿಂದ ಕಟ್ಟಿರಬಹುದು. ಕಾರ್ಬುರೇಟರಿನ ತೇಲುಬುರುಡೆಯ ಸೂಜಿಯು ಪೆಟ್ರೋಲನ್ನು ತಡೆಯದೆ ಉಕ್ಕಿಸುತ್ತಿರಬಹುದು. ಆಗ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿಯ ಮೇಲೆ ಒಲೆಯ ಮಸಿಯಂತೆ ಒಣಗಿದ ಕಪ್ಪು ಪುಡಿ ಕುಳಿತಿರುತ್ತದೆ. ಕಾರ್ಬುರೇಟರನ್ನು ಬದಲಾಯಿಸಿದ ಎಂಜಿನುಗಳಲ್ಲಿ ಇದು ಬಹು ಸಾಮಾನ್ಯ. ಬೇರೆ ಗಾತ್ರದ ಎಂಜಿನಿಗಾಗಿ ಮಾಡಿದ ಕಾರ್ಬುರೇಟರನ್ನು ಒಳಗಿನ ಸೂಜಿ, ಜೆಟ್ಟುಗಳನ್ನು ಬದಲಿಸದೆ ತಂದು ಕೂಡಿಸಿದರೆ, ಒಬ್ಬರ ಅಳತೆಯ ಕೋಟನ್ನು ಇನ್ನೊಬ್ಬರು ತೊಟ್ಟಂತಾಗುತ್ತದೆ. ಆದರೆ ಈ ದೋಷವನ್ನು ಅಲಕ್ಷ್ಯ ಮಾಡತಕ್ಕದ್ದಲ್ಲ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿರುವ ಎಣ್ಣೆಯ ತೆಳುಪದರವನ್ನು ತೊಳೆದುಬಿಡುತ್ತದೆ. ಇಂದಿನ ಕಪ್ಪು ಹೊಗೆಯೇ ಗೋಡೆಯನ್ನು ಸವೆಸಿ ನಾಳೆಯ ನೀಲಿ ಹೊಗೆಗೆ ಕಾರಣವಾಗಬಹುದು.

ಬಿಳಿ ಹೊಗೆಯಲ್ಲಿ ನಿರಪರಾಧಿಯೂ ಉಂಟು, ಅಪರಾಧಿಯೂ ಉಂಟು. ಮಾಗಿಯ ಮುಂಜಾನೆ ಕಾರನ್ನು ಚಾಲು ಮಾಡಿದಾಗ ಕಾಣುವ ತೆಳುವಾದ ಬಿಳಿಯ ಹಬೆಯು ನಮ್ಮ ಉಸಿರಿನ ಹಬೆಯಂತೆಯೇ ಸಹಜವಾದುದು. ಎಂಜಿನು ಬಿಸಿಯಾದೊಡನೆ ಅದು ಮಾಯವಾಗಬೇಕು. ಹಾಗೆ ಮಾಯವಾಗದೆ, ರೇಡಿಯೇಟರಿನಲ್ಲಿ ನೀರೂ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟು ಒಡೆದಿದೆಯೆಂದು ಸಂಶಯಿಸಬೇಕು. ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು, ಆಮೇಲೆ ಎಂಜಿನನ್ನು ಚಾಲು ಮಾಡಿ ನೋಡಿದರೆ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದು ಇದರ ಇನ್ನೊಂದು ಗುರುತು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ಚಿಮ್ಮುವ ಕುದಿನೀರು ಮುಖವನ್ನು ಸುಡುತ್ತದೆ. ಹೆಡ್ಡನ್ನು ಉಜ್ಜಿಸಿದ ಎಂಜಿನುಗಳಲ್ಲಿ ಉಜ್ಜಿದ ಮೈ ಸಮತಲವಾಗಿಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಬಹುಕಾಲ ಬಾಳದು.

ಇನ್ನು ನೀಲಿ ಹೊಗೆ. ಮೇಸ್ತ್ರಿಗಳು ಅವಸರದಿಂದ ತೀರ್ಪು ಕೊಡುವುದು ಇದರ ವಿಷಯದಲ್ಲಿಯೇ. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆಯೆಂಬುದು ನಿಶ್ಚಯ. ಆದರೆ ಎಣ್ಣೆಯು ಬೆಂಕಿಯ ಮನೆಗೆ ಬರುವ ದಾರಿ ಒಂದಲ್ಲ, ಮೂರು. ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ ಎಣ್ಣೆ ಕೆಳಗಿನಿಂದ ಮೇಲೇರುತ್ತದೆ. ವಾಲ್ವುಗಳ ಗೈಡೂ ಸೀಲೂ ಸಡಿಲವಾಗಿದ್ದರೆ ಮೇಲಿನಿಂದ ಕೆಳಗಿಳಿಯುತ್ತದೆ. ಮೂರನೆಯದು ಎಂಜಿನಿನ ಉಸಿರುಕೊಳವೆ. ಕೆಳಗಿನ ಎಣ್ಣೆಯ ಕೋಣೆಯಲ್ಲಿ ಸೇರುವ ಅನಿಲವನ್ನು ಹೊರಬಿಡಲೆಂದು ಇಟ್ಟಿರುವ ಈ ಕೊಳವೆಯ ಮೂಲಕ ಎಣ್ಣೆಯ ಹಬೆಯು ಗಾಳಿಯೊಡನೆ ಸೇರಿ ಪಕ್ಕದಿಂದ ಬರಬಹುದು. ಬಣ್ಣವೊಂದೇ ಆದರೂ ಈ ಮೂರಕ್ಕೆ ತಗಲುವ ಖರ್ಚಿನಲ್ಲಿ ಅಜಗಜಾಂತರ. ಆದುದರಿಂದ ಹೊಗೆಯ ಬಣ್ಣವನ್ನು ನೋಡಿದರೆ ಸಾಲದು. ಅದು ಯಾವಾಗ ಬರುತ್ತದೆಂಬುದನ್ನು ನೋಡಬೇಕು.

ಮೈಸೂರಿನವರಿಗೆ ಈ ಪರೀಕ್ಷೆಗೆ ಚಾಮುಂಡಿ ಬೆಟ್ಟದ ರಸ್ತೆಗಿಂತ ಉತ್ತಮವಾದ ಪ್ರಯೋಗಶಾಲೆ ಬೇಕಿಲ್ಲ. ಬೆಂಗಳೂರಿನವರು ನಂದಿಬೆಟ್ಟಕ್ಕೆ ಹೋಗಬಹುದು. ಹಿಂದಿನಿಂದ ಇನ್ನೊಂದು ವಾಹನದಲ್ಲಿ ಸ್ನೇಹಿತರೊಬ್ಬರು ನೋಡುತ್ತ ಬರಲಿ. ಭಾರ ಹೊತ್ತು ಏರುವಾಗ ನೀಲಿ ಹೊಗೆ ಸತತವಾಗಿ ಬಂದರೆ ಉಂಗುರಗಳ ಮೇಲೂ ಸಿಲಿಂಡರಿನ ಮೇಲೂ ಸಂಶಯ ಬಲವಾಗುತ್ತದೆ. ಏರುವಾಗ ಬಾರದೆ, ಗಾಡಿಯು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ, ಅಥವಾ ಇಳಿದ ಮೇಲೆ ಮತ್ತೆ ಕಾಲೊತ್ತಿದ ಕ್ಷಣದಲ್ಲಿ ಬಂದರೆ ಕಾರಣ ಬೇರೆ. ಇಳಿಜಾರಿನಲ್ಲಿ ಕಾರ್ಬುರೇಟರಿನ ಬಾಗಿಲು ಮುಚ್ಚಿರುತ್ತದೆ. ಪಿಸ್ಟನ್ನುಗಳು ಮಾತ್ರ ಹೀರುತ್ತಲೇ ಇರುತ್ತವೆ. ಹೀಗಾಗಿ ಒಳಹೋಗುವ ಕವಲುಕೊಳವೆಯಲ್ಲಿ ನಿರ್ವಾತವು ಅತಿಯಾಗಿ, ಸಡಿಲವಾದ ವಾಲ್ವು ಗೈಡುಗಳ ಸಂದಿನಿಂದ ಎಣ್ಣೆಯನ್ನು ಸೆಳೆದುಕೊಳ್ಳುತ್ತದೆ. ಗೈಡುಗಳೇ ಸವೆದಿದ್ದರೆ ಇನ್ನೊಂದು ಸಾಕ್ಷಿಯೂ ಇರಬೇಕು: ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಚಾಲು ಮಾಡಿದಾಗ, ಇರುಳಿನಲ್ಲಿ ಹನಿಹನಿಯಾಗಿ ಇಳಿದ ಎಣ್ಣೆ ಉರಿದು ಒಮ್ಮೆ ನೀಲಿಯ ಮೋಡವೆದ್ದು ಅಡಗುತ್ತದೆ.

ಹೊಗೆಯ ಸಾಕ್ಷ್ಯ ಮುಗಿಯಿತು. ಇನ್ನು ನಡುಕದ ವಿಚಾರಣೆ. ನಾಲ್ಕು ಎತ್ತುಗಳ ಗಾಡಿಯಲ್ಲಿ ಒಂದು ಎತ್ತು ನೊಗಕ್ಕೆ ಹೆಗಲು ಕೊಡದಿದ್ದರೆ ಗಾಡಿಯು ಜಗ್ಗಿ ಜಗ್ಗಿ ಸಾಗುವುದಷ್ಟೆ. ಸೋಮಾರಿಯಾದ ಸಿಲಿಂಡರು ಯಾವುದೆಂದು ಕಂಡುಹಿಡಿಯಲು, ಎಂಜಿನು ಮೆಲ್ಲಗೆ ಓಡುತ್ತಿರುವಾಗ ಒಂದೊಂದೇ ಸಿಲಿಂಡರಿನ ಕಿಡಿಯನ್ನು ನಿಲ್ಲಿಸಿ ನೋಡುತ್ತಾರೆ. ಕೆಲಸ ಮಾಡುತ್ತಿದ್ದ ಸಿಲಿಂಡರಾದರೆ ಓಟವು ಕೂಡಲೆ ಕುಗ್ಗುತ್ತದೆ. ಕುಗ್ಗದಿದ್ದರೆ ಅದೇ ತಪ್ಪಿತಸ್ಥ. ಎಲೆಕ್ಟ್ರಾನಿಕ್ ಕಿಡಿಸಾಧನವಿರುವ ಎಂಜಿನುಗಳಲ್ಲಿ ತಂತಿಯನ್ನು ಸುಮ್ಮನೆ ಕಿತ್ತು ಹಿಡಿಯಬಾರದು. ಕೈಗೂ ಸಾಧನಕ್ಕೂ ಅಪಾಯ. ಎಂಜಿನನ್ನು ನಿಲ್ಲಿಸಿ, ಆ ತಂತಿಗೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನಿನ ಲೋಹಕ್ಕೆ ಭದ್ರವಾಗಿ ಕಟ್ಟಿ, ಅನಂತರ ಚಾಲು ಮಾಡಿ ನೋಡುವುದು ಕ್ಷೇಮ. ತಂತಿಗಳನ್ನು ಮರಳಿ ಕೂಡಿಸುವಾಗ ಕ್ರಮ ತಪ್ಪಬಾರದು; ಈ ಎಂಜಿನಿನಲ್ಲಿ ಕಿಡಿ ಹಾರುವ ಕ್ರಮವು ೧, ೩, ೪, ೨.

ಆಮೇಲೆ ಒತ್ತಡದ ಅಳತೆ. ಎಂಜಿನು ಬಿಸಿಯಾಗಿರುವಾಗ ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಕಿಡಿಯ ವಿದ್ಯುತ್ತನ್ನು ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಸ್ಟಾರ್ಟರಿನಿಂದ ಕೆಲವು ಸುತ್ತು ತಿರುಗಿಸಿ, ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆಯಬೇಕು. ಕಾರ್ಖಾನೆಯ ಪುಸ್ತಕದಲ್ಲಿ ಕೊಟ್ಟಿರುವ ಸಂಖ್ಯೆಯು ಇಲ್ಲಿ ನೆರವಿಗೆ ಬರಲಾರದು. ಹೆಡ್ಡನ್ನು ಉಜ್ಜಿದಾಗ ಒತ್ತಡ ಏರುತ್ತದೆ. ಕ್ಯಾಮ್ ಬದಲಾಯಿಸಿದರೆ ಇಳಿಯಲೂಬಹುದು. ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರು ಮೇಲಿರುವುದರಿಂದ ಇಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಸಿಲಿಂಡರಿನ ಒತ್ತಡವೂ ಅದಕ್ಕೆ ತಕ್ಕಂತೆ ಕಡಮೆ ತೋರುತ್ತದೆ. ಆದುದರಿಂದ ಪುಸ್ತಕದೊಡನೆ ಹೋಲಿಸುವುದಕ್ಕಿಂತ ನಾಲ್ಕನ್ನೂ ತಮ್ಮತಮ್ಮೊಳಗೆ ಹೋಲಿಸುವುದು ಮೇಲು. ಅತಿ ಹೆಚ್ಚಿನದಕ್ಕೂ ಅತಿ ಕಡಮೆಯದಕ್ಕೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರವಿರಬಾರದು. ಒಂದು ಕುಗ್ಗಿದ್ದರೆ ಆ ಸಿಲಿಂಡರಿನೊಳಕ್ಕೆ ಒಂದು ಚಮಚ ಎಂಜಿನೆಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಏರಿದರೆ ದೋಷ ಉಂಗುರಗಳದು. ಏರದಿದ್ದರೆ ವಾಲ್ವಿನದು, ಇಲ್ಲವೆ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಗ್ಗಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ಟನ್ನು ಮೊದಲು ಶಂಕಿಸಬೇಕು.

ವಾಲ್ವಿನ ದೋಷಕ್ಕೆ ಹಳೆಯ ಎಂಜಿನುಗಳಲ್ಲಿ ಒಂದು ವಿಶೇಷ ಕಾರಣವುಂಟು. ಇವುಗಳ ರಚನೆಯಾದದ್ದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದ ಕಾಲದಲ್ಲಿ. ಆ ಸೀಸವು ವಾಲ್ವು ಕೂರುವ ಪೀಠಕ್ಕೆ ಲೇಪದಂತೆ ರಕ್ಷಣೆ ಕೊಡುತ್ತಿತ್ತು. ಜನರ ಆರೋಗ್ಯಕ್ಕಾಗಿ ೨೦೦೦ದಲ್ಲಿ ನಮ್ಮ ದೇಶದಲ್ಲಿ ಸೀಸವನ್ನು ಕೈಬಿಟ್ಟದ್ದು ಸರಿಯಾದ ಕಾರ್ಯವೇ. ಆದರೆ ಗಟ್ಟಿಯಾದ ಪೀಠಗಳನ್ನು ಕೂಡಿಸದ ಹಳೆಯ ಹೆಡ್ಡುಗಳಲ್ಲಿ ವಾಲ್ವು ಕ್ರಮೇಣ ಪೀಠದೊಳಕ್ಕೆ ಇಳಿದು, ಅದರ ಮೇಲಿನ ಬಿಡುವು ಮುಚ್ಚಿಹೋಗಿ, ಬಾಗಿಲು ಪೂರ್ತಿ ಮುಚ್ಚದೆ ಸುಟ್ಟುಹೋಗುವ ಸಂಭವವುಂಟು. ಇತ್ತೀಚೆಗೆ, ೨೦೨೫ರ ಹೊತ್ತಿಗೆ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ದೇಶದಲ್ಲೆಲ್ಲ ರೂಢಿಗೆ ಬಂದಿದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ಎಥನಾಲಿಗೆ ೯ ಪಾಲು ಸಾಕು. ಹಳೆಯ ಕಾರ್ಬುರೇಟರಿಗೆ ಈ ಬದಲಾವಣೆ ತಿಳಿಯದು. ಅದು ಹಿಂದಿನ ಅಳತೆಯಲ್ಲಿಯೇ ಇಂಧನವನ್ನು ಬಡಿಸುತ್ತದೆ. ಫಲವಾಗಿ ಮಿಶ್ರಣವು ತೆಳುವಾಗಿ ಎಂಜಿನು ಮಿಸ್ಸಿಂಗಿಗೆ ತೊಡಗಬಹುದು. ಹಳೆಯ ರಬ್ಬರು ಕೊಳವೆಗಳೂ ಎಥನಾಲಿಗೆ ಮೆತ್ತಗಾಗಿ ಬಿರಿಯುತ್ತವೆ. ಬಹುದಿನ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರಿನ ಅಂಶವೂ ಸೇರುತ್ತದೆ.

ಈಗ ನಮ್ಮ ನಿದರ್ಶನಕ್ಕೆ ಮರಳೋಣ. ಬೆಳಗ್ಗೆ ಚಾಲು ಮಾಡಿದಾಗ ಸ್ನೇಹಿತರ ಕಾರಿನಿಂದ ನೀಲಿಯ ಮೋಡವೇಳಲಿಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಹೊಗೆ ಇಲ್ಲವೆನ್ನುವಷ್ಟು ಅಲ್ಪ, ಇಳಿಯುವಾಗ ಧಾರಾಳ. ಒತ್ತಡವನ್ನು ಅಳೆದಾಗ ನಾಲ್ಕು ಸಂಖ್ಯೆಗಳೂ ಹತ್ತಿರಹತ್ತಿರ ನಿಂತುವು. ಎಣ್ಣೆಯು ಉಂಗುರದ ಸಂದನ್ನು ತುಂಬಿ ಒತ್ತಡವನ್ನು ಹುಸಿಯಾಗಿ ಏರಿಸುವುದುಂಟಾದುದರಿಂದ ಈ ಪರೀಕ್ಷೆಯೊಂದೇ ಸಾಲದು; ಆದರೆ ಏರಿನ ಸಾಕ್ಷ್ಯವೂ ಅದರೊಡನೆ ಸೇರಿದಾಗ ಬೋರು ಹೋಗಿದೆಯೆಂಬ ತೀರ್ಪು ನಿಲ್ಲಲಿಲ್ಲ. ಇಳಿಜಾರಿನ ಹೊಗೆ ಗೈಡುಗಳನ್ನು ತೋರಿಸುತ್ತಿತ್ತು; ಮುಂಜಾನೆಯ ಸಾಕ್ಷ್ಯ ಅದನ್ನು ಒಪ್ಪುತ್ತಿರಲಿಲ್ಲ. ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ನೋಡಿದೆವು. ಮುಂದಿನ ಎರಡು ಎಣ್ಣೆಯಿಂದ ಜಿಡ್ಡಾಗಿದ್ದುವು. ಹಿಂದಿನ ಎರಡು ಒಣಗಿ ತಿಳಿಗಂದು ಬಣ್ಣದಲ್ಲಿದ್ದುವು.

ಈ ಎಂಜಿನಿನ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಹೋಗುವ ಬಾಯಿಗಳು ಎರಡೇ: ಮುಂದಿನ ಎರಡಕ್ಕೆ ಒಂದು, ಹಿಂದಿನ ಎರಡಕ್ಕೆ ಒಂದು. ಜಿಡ್ಡಾದ ಎರಡು ಪ್ಲಗ್ಗುಗಳೂ ಒಂದೇ ಬಾಯಿಯಿಂದ ಉಣ್ಣುವ ಸಿಲಿಂಡರುಗಳವು. ಹಾಗಾದರೆ ಆ ಬಾಯಿಯ ಬಳಿಯೇ ಏನೋ ಇರಬೇಕೆಂದು ಕೈಯಾಡಿಸಿದಾಗ ಗುಟ್ಟು ಹೊರಬಿತ್ತು. ಎರಡು ಕಾರ್ಬುರೇಟರುಗಳನ್ನು ಕೂಡಿಸಿದವರು ಎಂಜಿನಿನ ಉಸಿರುಕೊಳವೆಗೆ ಹಳೆಯ ಜಾಗ ಸಿಗದೆ, ಅದನ್ನು ಮುಂದಿನ ಕವಲಿನೊಳಕ್ಕೆ ನೇರವಾಗಿ ಸೇರಿಸಿಬಿಟ್ಟಿದ್ದರು. ಹರಿವನ್ನು ಮಿತಿಯಲ್ಲಿಡಬೇಕಾದ ಸಣ್ಣ ವಾಲ್ವನ್ನು ನಡುವೆ ಇಟ್ಟಿರಲಿಲ್ಲ. ನಿರ್ವಾತ ಹೆಚ್ಚಾದಾಗಲೆಲ್ಲ ಎಂಜಿನು ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿತ್ತು. ಅದೇ ದಾರಿಯಿಂದ ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿಯೂ ನುಗ್ಗಿ, ಮೆಲ್ಲಗೆ ಓಡುವಾಗ ಮಿಶ್ರಣವನ್ನು ಕೆಡಿಸುತ್ತಿತ್ತು. ಹೊಗೆಗೂ ನಡುಕಕ್ಕೂ ಮೂಲ ಒಂದೇ. ಎಂಜಿನು ಓಡುತ್ತಿರುವಾಗಲೇ ಆ ರಬ್ಬರು ಕೊಳವೆಯನ್ನು ಇಕ್ಕಳದಿಂದ ಕ್ಷಣಕಾಲ ಹಿಸುಕಿ ಹಿಡಿದೆವು. ಗಾಡಿಯ ನಡುಕ ಕಡಮೆಯಾಯಿತು. ವಾಲ್ವೊಂದನ್ನು ತಂದು ಕೂಡಿಸಿ, ಎರಡು ಕಾರ್ಬುರೇಟರುಗಳ ಹೀರಿಕೆಯೂ ಸಮವಾಗುವಂತೆ ತಿದ್ದಿದುದಕ್ಕೆ ಆದ ವೆಚ್ಚವು, ಎಂಜಿನನ್ನು ಇಳಿಸುವ ಕೂಲಿಯ ಒಂದು ಸಣ್ಣ ಅಂಶ. ಸಮವಾಗಿಸುವ ಉಪಾಯವೂ ಸುಲಭ: ಒಂದು ರಬ್ಬರು ನಳಿಕೆಯನ್ನು ಕಿವಿಗೆ ಹಿಡಿದು ಎರಡು ಕಾರ್ಬುರೇಟರುಗಳ ಬಾಯಿಯ ಸುಯ್ಲನ್ನೂ ಕೇಳಿ, ಎರಡೂ ಒಂದೇ ಆಗುವವರೆಗೆ ತಿರುಪನ್ನು ತಿದ್ದುವುದು.

ಇದರಿಂದ ಮೇಸ್ತ್ರಿಯನ್ನು ಹಳಿಯಬೇಕೆಂಬುದು ನನ್ನ ಉದ್ದೇಶವಲ್ಲ. ಬದಲಾಗದ ನೂರು ಎಂಜಿನುಗಳನ್ನು ನೋಡಿದವನಿಗೆ, ಅಷ್ಟು ಹಳೆಯ ಗಾಡಿಯ ನೀಲಿ ಹೊಗೆಯೆಂದರೆ ಸವೆದ ಬೋರೆಂದು ತೋರುವುದು ಸಹಜ. ಆದರೆ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ತಿದ್ದಿದ ಎಂಜಿನಿಗೆ ಕಾರ್ಖಾನೆಯ ಪುಸ್ತಕವು ಅನ್ವಯಿಸುವುದಿಲ್ಲ. ಅದರ ಪುಸ್ತಕವನ್ನು ಅದರ ಒಡೆಯನೇ ಬರೆದಿಡಬೇಕು. ಏನನ್ನು ಬದಲಾಯಿಸಲಾಯಿತು, ಯಾವಾಗ, ಆಮೇಲೆ ಓಟದಲ್ಲಿ ಏನು ಕಂಡಿತು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ. ಕಾರ್ಬುರೇಟರು, ಕಿಡಿ, ಟ್ಯಾಪೆಟ್ಟುಗಳನ್ನು ಒಟ್ಟಿಗೆ ಮುಟ್ಟಿದರೆ, ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಈವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಹೊಗೆಗಳ ಮಾತು. ಎಲ್ಲಕ್ಕಿಂತ ಅಪಾಯವಾದುದು ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲು ಎಂಜಿನಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದು ರಕ್ತವನ್ನು ಸೇರಿ ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಹಳೆಯ ಕಾರುಗಳಲ್ಲಿ ಅದನ್ನು ಕಡಮೆಮಾಡುವ ಸಾಧನವೂ ಇರುವುದಿಲ್ಲ. ಆದುದರಿಂದ ಮೇಲೆ ಹೇಳಿದ ಯಾವ ಪರೀಕ್ಷೆಯನ್ನೂ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾಡತಕ್ಕದ್ದಲ್ಲ. ಗಾಡಿಯನ್ನು ಬಯಲಿಗೆ ತನ್ನಿ.

ಸ್ನೇಹಿತರ ಕಾರು ಈಗಲೂ ಓಡುತ್ತಿದೆ. ಮಾಗಿಯ ಬೆಳಗಿನಲ್ಲಿ ಹೊರಡುವಾಗ ಹಿಂದಿನ ಕೊಳವೆಯಲ್ಲಿ ಒಂದಿಷ್ಟು ಬಿಳಿಯ ಹಬೆ ಕಾಣುತ್ತದೆ. ಬೀದಿಯ ತಿರುವು ಮುಟ್ಟುವ ಹೊತ್ತಿಗೆ ಅದೂ ಇರುವುದಿಲ್ಲ.